ಕತ್ತರಿ ಆಡುವಾಗ ಕೂಗದ ಫೋನು

ಪ್ರೀತಿಯ ಅಣ್ಣನಿಗೆ,

ನೀನು ಇಷ್ಟು ದಿನವೂ ನನಗೆ ಫೋನ್ ಮಾಡುತ್ತಲೇ ಇದ್ದೆ ಎಂದು ಮೊದಲು ಹೇಳಿದವಳು ನನ್ನ ನಾದಿನಿ, ನಿನ್ನೆ ಸಂಜೆ. ಕತ್ತರಿ ಬಟ್ಟೆಯ ಮೇಲಿದ್ದಾಗ ಫೋನ್ ಕೂಗಬಾರದೆಂದು ನಮ್ಮ ಹೊಲಿಗೆ ಅಂಗಡಿಯಲ್ಲಿ ಅತ್ತೆಯವರ ಕಟ್ಟಪ್ಪಣೆ. ಅದಕ್ಕೆಂದು ಫೋನಿನಲ್ಲಿ ಅರ್ಧಚಂದ್ರದ ಗುರುತು ಒತ್ತಿದವಳು ತೆಗೆಯುವುದನ್ನೇ ಮರೆತಿದ್ದೆ.

“ಅತ್ತಿಗೆ, ನಿಮ್ಮ ಫೋನಲ್ಲಿ ಹಗಲಲ್ಲೂ ಚಂದ್ರ! ಯಾರು ಕರೆದರೂ ರಿಂಗೇ ಆಗದೆ ಸೀದಾ ವಾಯ್ಸ್‌ಮೇಲಿಗೆ ಹೋಗುತ್ತೆ,” ಎಂದು ನಕ್ಕು ಆ ಗುರುತನ್ನು ತೆಗೆದಳು. ವಾಯ್ಸ್‌ಮೇಲಿನಲ್ಲಿ ಮುದ್ರಣವಾಗಿ ಕೂಡಿದ್ದ ದನಿಗಳನ್ನು ಮನೆಯವರೆಲ್ಲ ಕೂತು ಕೇಳಿದೆವು. ಆಮೇಲೆ ಯಾರೂ ನಗಲಿಲ್ಲ. “ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಇನ್ನೂ ಎಂಥ ಮುನಿಸೇ ನಿಂದು?” ಎಂದಿದ್ದೆ ನೀನು. ಕೊನೆಯದರಲ್ಲಿ ಅಮ್ಮನ ದನಿ: “ಸೂಜಿಗೆ ದಾರ ಪೋಣಿಸಿಕೊಡೋಕೆ ಯಾರೂ ಇಲ್ಲ ಕಣೇ.”

ಮುನಿಸಲ್ಲ ಅಣ್ಣ. ತಪ್ಪಿದ ಕರೆಗಳ ಪಟ್ಟಿ ನೋಡಲು ನನಗೆ ಬರುವುದಿಲ್ಲ, ನೀವೇ ನನ್ನನ್ನು ಮರೆತಿರೆಂದು ಸುಮ್ಮನಿದ್ದೆ. ಈಗ ನೀನು ನನ್ನ ಕರೆ ಎತ್ತುತ್ತಿಲ್ಲ. ಅದಕ್ಕೇ ಹಾಲಿನ ವ್ಯಾನಿನವರ ಕೈಯಲ್ಲಿ ಈ ಪತ್ರ. ಅಮ್ಮನಿಗೆ ಓದಿ ಹೇಳು. ನಮ್ಮ ಬಸ್ಸು ಇವತ್ತು ಮಧ್ಯಾಹ್ನ ಬರುತ್ತದೆ, ಬಾಗಿಲಿಗೆ ಚಿಲಕ ಹಾಕಬೇಡ.

ಇವತ್ತು ಬೆಳಿಗ್ಗೆ ಅತ್ತೆಯವರು ಅಂಗಡಿಗೆ ಬೀಗ ಹಾಕಿ ಬಂದು, ನನ್ನ ಚೀಲದಲ್ಲಿ ಸೂಜಿಗಳ ಡಬ್ಬಿ ಇಟ್ಟರು. ತೆರೆದು ನೋಡಿದೆ. ಒಂದೊಂದು ಸೂಜಿಗೂ ದಾರ ಪೋಣಿಸಿದ್ದರು.

ಇಂತಿ,
ನಿನ್ನ ತಂಗಿ