ಹಿಂಬಾಗಿಲ ದೋಸೆ

ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ
14 ಅಕ್ಟೋಬರ್ 2025, ಮಂಗಳವಾರ

ಮಗಳೇ ತನ್ವೀ,

ಹೇಗಿದ್ದೀ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಬಿಸಿನೀರು ಕುಡಿ. ಆ ಚೀನಾ ಊರಿನಲ್ಲಿ ಕೇಳದೆಯೇ ಬಿಸಿನೀರು ತಂದಿಡುತ್ತಾರೆಂದು ನೀನೇ ಹೇಳಿದ್ದೀ. ಇಲ್ಲಿ ಅಜ್ಜಿಯ ಮಂಡಿನೋವು ಹಾಗೆಯೇ ಇದೆ. ನಿನ್ನ ಅಪ್ಪ ಕಾರ್ತಿಕನಿಗೆ ಮೀಟಿಂಗು ಮುಗಿಯುವುದೇ ಇಲ್ಲ. ನನ್ನ ಬಿ.ಪಿ. ಏರಿದೆ, ಏರಿಸಿದವಳು ನೀನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಬರಹ, ನಿಧಾನವಾಗಿ ಓದು. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದರೆ ಊರೆಲ್ಲ ಓದುತ್ತದೆ, ಅದಕ್ಕೇ ಕಾಗದದಲ್ಲಿ ಬರೆದಿದ್ದೇನೆ. ಗಾರ್ಗಿ ಫೋಟೊ ತೆಗೆದು ನಿನಗೊಬ್ಬಳಿಗೇ ಇಮೇಲು ಮಾಡುತ್ತಾಳೆ. ನಿನ್ನ ತಂಗಿಗೆ ಕನ್ನಡ ಓದಲು ಬರುವುದಿಲ್ಲ, ಇವತ್ತು ಅದೇ ಒಳ್ಳೆಯದಾಯಿತು.

ಆಫೀಸಿನವರಿಗೆ ಗೊತ್ತಾಗಬಾರದೆಂದು ನೀನು ಹೆಸರು ಹಾಕದೆ ಪ್ರತಿ ಗುರುವಾರ ಇಂಟರ್ನೆಟ್ಟಿನಲ್ಲಿ ಬರೆಯುವ ಶೆನ್‌ಝೆನ್ ಸುದ್ದಿಯನ್ನು ಊಟದ ಮೇಜಿನಲ್ಲಿ ಗಾರ್ಗಿ ಓದಿ ಹೇಳುತ್ತಾಳೆ. ಯಾವ ಮಹಡಿಯ ಮೇಲಿನ ಬಾರು ಏಳೇ ವಾರಕ್ಕೆ ಮುಚ್ಚಿ ಅಲ್ಲಿ ನಾಯಿಗಳಿಗೆ ಕೇಕು ಮಾರುವ ಅಂಗಡಿ ಬಂತು, ಯಾವ ಇಟಲಿಯವನು ಪಾಲುದಾರನ ಹೆಂಡತಿಯನ್ನು ಕಟ್ಟಿಕೊಂಡು ಎದುರಿಗೇ ಬೇರೆ ಹೋಟೆಲು ತೆಗೆದ, ಯಾವ ಮಾಲಿನಲ್ಲಿ ವಿದೇಶಿಯರ ಅಳತೆಯ ಚಪ್ಪಲಿ ಸಿಗುತ್ತದೆ, ಎಲ್ಲ ಕೇಳಿ ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಅಜ್ಜಿಯಂತೂ ಇಟಲಿಯವನ ಕಥೆ ಮುಂದೇನಾಯಿತೆಂದು ಗುರುವಾರಕ್ಕೆ ಕಾಯುತ್ತಾಳೆ. ಆದರೆ ಹೋದ ಗುರುವಾರದ್ದನ್ನು ಕೇಳಿ ಅನ್ನದ ತಟ್ಟೆ ಆಚೆ ತಳ್ಳಿದೆ. ಹೊಸದಾಗಿ ತೆರೆದ ಉಡುಪಿ ಹೋಟೆಲಿನ ಬಗ್ಗೆ ಬರೆದಿದ್ದೀ. ಹಿಂದಿನ ಓಣಿಯಲ್ಲಿ ಹೋಗುವಾಗ, ಅಡುಗೆಯವನು ದೋಸೆಯ ತಟ್ಟೆಯನ್ನು ಹಿಂಬಾಗಿಲ ಹೊರಗೆ ನೆಲದ ಮೇಲಿಟ್ಟು, ಸ್ವಲ್ಪ ಹೊತ್ತಿಗೆ ಅದನ್ನೇ ಎತ್ತಿಕೊಂಡು ಒಳಗೆ ಹೋದದ್ದನ್ನು ಕಣ್ಣಾರೆ ಕಂಡೆಯಂತೆ. ‘ಆ ದೋಸೆ ಯಾರ ಮೇಜಿಗೆ ಹೋಯಿತು?’ ಎಂದು ಕೊನೆಗೊಂದು ಕೊಕ್ಕೆ. ಫೋಟೊ ಬೇರೆ. ನನ್ನ ಮುಖ ನೋಡಿ ಗಾರ್ಗಿ, ‘ಅಜ್ಜಾ, ಚಿಲ್, ಇಟ್ಸ್ ಜಸ್ಟ್ ಗಾಸಿಪ್’ ಎಂದಳು.

ಯಾರ ಮೇಜಿಗೂ ಹೋಗಲಿಲ್ಲ ಮಾರಾಯ್ತಿ. ಅದು ದಿನದ ಮೊದಲ ದೋಸೆ. ಮೊದಲ ದೋಸೆ ಗಿರಾಕಿಗಲ್ಲ, ಕಾಗೆಗೆ. ಹಿಂಬಾಗಿಲಲ್ಲಿ ಇಟ್ಟು, ಕೈಮುಗಿದು, ಆಮೇಲೆ ಮುಂಬಾಗಿಲು ತೆಗೆಯುವುದು. ಹುಬ್ಬಳ್ಳಿಯ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ನಾನು ಹಾಗೆ ಮಾಡಿದ್ದೇನೆ. ಕಾಗೆ ಬಾರದಿದ್ದರೆ ಇಟ್ಟವನೇ ತಿನ್ನಬೇಕು. ಎಸೆಯಬಾರದು, ಬೇರೆಯವರಿಗೆ ಬಡಿಸಬಾರದು. ಆ ಗಾಜಿನ ಕಟ್ಟಡಗಳ ನಡುವೆ ಕಾಗೆ ಎಲ್ಲಿಂದ ಬರಬೇಕು? ಇದು ನಿನಗೆ ಗೊತ್ತಿಲ್ಲ, ಅದರಲ್ಲಿ ನಮ್ಮ ತಪ್ಪೂ ಇದೆ. ನೀನು ಡೇಕೇರಿಗೆ ಹೋಗುತ್ತಿದ್ದಾಗ ಇಲ್ಲಿನ ಹಿತ್ತಲ ಪ್ಯಾಟಿಯೋದಲ್ಲಿ ನಾನೂ ಇಡುತ್ತಿದ್ದೆ. ಇಲಿ ಬರುತ್ತದೆಂದು ಟೌನ್‌ಹೌಸಿನ ಅಸೋಸಿಯೇಷನ್ನಿನವರು ನೋಟೀಸು ಅಂಟಿಸಿದರು, ನಿನ್ನ ಅಪ್ಪ ಹೆದರಿ ನಿಲ್ಲಿಸಿದ, ನಾನೂ ಬಾಯಿ ಮುಚ್ಚಿಕೊಂಡೆ. ಆದರೂ ಆ ಅಡುಗೆಯವನನ್ನೇ ಕೇಳಬಹುದಿತ್ತಲ್ಲ? ‘ಇದೆಂತದು ಅಣ್ಣಾ’ ಅನ್ನಲು ನಿನಗೆ ನಾಲಗೆ ಇರಲಿಲ್ಲವೇ? ನಿನ್ನನ್ನು ನಾಲ್ಕು ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿ ಹೊರಗೆ ಬೆಂಚಿನ ಮೇಲೆ ಕೂತವನು ನಾನು.

ಆ ಅಡುಗೆಯವನ ಹೆಸರು ಶಿವರಾಮು. ಹುಬ್ಬಳ್ಳಿಯಲ್ಲಿ ನನ್ನ ಕೈಕೆಳಗೆ ದೋಸೆ ಹುಯ್ಯಲು ಕಲಿತವನು. ಕಾಗೆಗೆ ಇಡುವುದನ್ನು ಕಲಿಸಿದವನೂ ನಾನೇ. ಭಾನುವಾರ ಫೋನು ಮಾಡಿದ. ಗಿರಾಕಿಗಳು ‘ನೆಲದ ದೋಸೆ ಯಾವುದು’ ಎಂದು ಕೇಳಿ ನಗುತ್ತಾರಂತೆ. ಧಣಿ ರಮೇಶ್ ನೀನು ತೆಗೆದ ಫೋಟೊ ತೋರಿಸಿ, ಬರುವ ಶನಿವಾರದಿಂದ ಬರಬೇಡ ಅಂದನಂತೆ. ಕೆಲಸ ಹೋದರೆ ವೀಸಾ ಹೋಯಿತು. ಐವತ್ತೈದಾದವನಿಗೆ ಇನ್ನೆಲ್ಲಿ ಕಾವಲಿ ಸಿಗುತ್ತದೆ? ರಮೇಶನಿಗೆ ಹೋಟೆಲು ಹೊಸ ಕಸುಬು, ಶಿವರಾಮು ಎಷ್ಟು ಹೇಳಿದರೂ ನೆಪ ಅನ್ನುತ್ತಾನೆ. ಬರೆದವಳೇ ತಪ್ಪಾಯಿತು ಅಂದರೆ ನಂಬಿಯಾನು. ಬರೆದವಳು ಯಾರೆಂದು ತಿಳಿಯದೆ ಶಿವರಾಮು ನನ್ನ ಹತ್ತಿರ ಅಳುತ್ತಿದ್ದ, ನಾನು ನಿನ್ನ ಹೆಸರು ಹೇಳದೆ ಫೋನಿಟ್ಟೆ. ಈಗ ಕೇಳು. ನಾಡಿದ್ದು ಗುರುವಾರ ಬಾರು ಬೇಡ, ಮಾಲು ಬೇಡ, ಇಟಲಿಯವನೂ ಬೇಡ. ನನಗೆ ತಿಳಿಯದೆ ಬರೆದೆ, ಆ ದೋಸೆ ಹೀಗೆ, ಎಂದು ಮೊದಲ ಸಾಲಿನಲ್ಲೇ ಬರೆ. ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಬರೆದು ಜಾರಿಕೊಳ್ಳಬೇಡ.

ಅಜ್ಜಿ ನಿನ್ನ ತಲೆ ಸವರಿದಳೆಂದು ತಿಳಿದುಕೋ. ಕೆಮ್ಮಿಗೆ ಡಾಕ್ಟರಿಗೆ ತೋರಿಸು. ಬರೆದದ್ದೆಲ್ಲ ಸಿಟ್ಟಿನಲ್ಲಿ, ಆಶೀರ್ವಾದ ಮಾತ್ರ ಸಿಟ್ಟಿನದಲ್ಲ.

ನಿನ್ನ ಅಜ್ಜ,
ಸರ್ವೋತ್ತಮ

ತಾ.ಕ.: ಗಾರ್ಗಿ ಫೋಟೊ ತೆಗೆಯಲು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಇವತ್ತು ತಡೆಯಲಾರದೆ ಶಿವರಾಮುವಿಗೆ ಫೋನು ಮಾಡಿ, ಬರೆದವಳು ನನ್ನ ಮೊಮ್ಮಗಳು ಎಂದು ಹೇಳಿಬಿಟ್ಟೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು, ‘ನಮ್ಮ ಮಗು ಬರೆದದ್ದಾ ಅಣ್ಣಾ? ಹಾಗಾದ್ರೆ ಬಿಡಿ ಮಾರಾಯ್ರೆ, ನಾನು ಊರಿಗೆ ಹೋಗ್ತೇನೆ. ಹೆಸರು ಹೊರಗೆ ಬಿದ್ರೆ ಅದಕ್ಕೆ ಇಲ್ಲಿ ಕಷ್ಟ’ ಎಂದ. ಅವನು ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ. ಗುರುವಾರ ನೀನು ಬರೆಯದಿದ್ದರೆ, ಶುಕ್ರವಾರ ರಮೇಶನಿಗೆ ನಿನ್ನ ಹೆಸರು ನಾನೇ ಹೇಳುತ್ತೇನೆ. ನಂಬರು ತೆಗೆದುಕೊಂಡಿದ್ದೇನೆ.