ಬಾಗಿಲು ಹಾಕಿ ಆಡಿದ ಮಾತು

ನಮ್ಮ ಕಾರ್ಖಾನೆಯಲ್ಲಿ ಕಾರ್ಮಿಕರ ಕ್ಷೇಮ ನೋಡುವ ಐಶ್ವರ್ಯ ಮೇಡಂ ಅವರಿಗೆ,

"ಇಲ್ಲಿ ಹೇಳಿದ್ದು ಈ ಖೋಲಿ ದಾಟಂಗಿಲ್ರಿ" ಎಂದು ನೀವು ಬಾಗಿಲು ಹಾಕಿದಿರಿ. ನಂಬಿದೆ. ಅವ್ವ ತೀರಿದಾಗಿನಿಂದ ಕೂತಲ್ಲೇ ಅಳು ಬರುತ್ತದೆಂದು ಹೇಳಿದೆ. ಅದು ನಾನು ಮನೆಯಲ್ಲೂ ಹೇಳದ ಮಾತು. ಮರುದಿನವೇ ಶಿಫ್ಟ್ ಸಾಹೇಬರು ನಾನು ಕೆಲಸ ಮಾಡುವ ಲ್ಯಾಬಿಗೆ ಬಂದು, "ಭಾಳ ಅಳಾಕತ್ತೀಯಂತಲ್ಲವ್ವ? ಲ್ಯಾಬ್ ಬಿಡು, ಗೇಟಿನಾಗ ಕುಂದ್ರು" ಎಂದರು.

ಅನುಮಾನ ಬಂತು. ಹೋದ ವಾರ ನೀವು ಮತ್ತೆ ಕರೆದಾಗ, ಕೆಲಸ ಬಿಟ್ಟು ಸುಲೇಪೇಟದ ಅಣ್ಣನ ಮನೆಗೆ ಹೋಗುತ್ತೇನೆಂದು ನಿಮಗೊಬ್ಬರಿಗೇ ಸುಳ್ಳು ಹೇಳಿದೆ. ನನಗೆ ಅಣ್ಣನೇ ಇಲ್ಲ. ಸಂಜೆಗೇ ಸಾಹೇಬರು ಕೇಳಿದರು, "ಚಂದಮ್ಮ, ಸುಲೇಪೇಟಕ್ಕ ಯಾವಾಗ ಹೊಂಟಿ?"

ದಯವಿಟ್ಟು ನನ್ನನ್ನು ಲ್ಯಾಬಿಗೆ ಮರಳಿ ಹಾಕಿಸಿ.

ನಾಳೆ ಗೆಳತಿ ದೇವಿಕಾ ನಿಮ್ಮಲ್ಲಿಗೆ ಬರುತ್ತಾಳೆ. ಅವಳ ಕಷ್ಟ ದೊಡ್ಡದು. ಏನೆಂದು ನಾನು ಬರೆಯುವುದಿಲ್ಲ. ಅವಳು ಬಾಯಿ ಬಿಡುವ ಮೊದಲು, ಆ ಮಾತು ಎಲ್ಲಿಗೆ ಹೋಗುತ್ತದೆಂದು ನೀವೇ ಅವಳಿಗೆ ಹೇಳಿಬಿಡಿ.

ಇಂತಿ,
ಚಂದಮ್ಮ, ರಾವೂರ