ಫಕೀರಪ್ಪನವರ ಬಲಗೈ

ಗದಗ, ಫೆಬ್ರವರಿ 30, 2171

ನಿಮ್ಮ ಕಾಲದಲ್ಲಿ ಹಿರಿಯರ ಶುಶ್ರೂಷೆ ಮಾಡುತ್ತಿರುವ ಅಕ್ಕಂದಿರೇ, ಅಣ್ಣಂದಿರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ನೀಲಗಂಗಾ ಬಾರಕೇರ, ಇಲ್ಲಿನ ವೃದ್ಧರ ವಾರ್ಡಿನಲ್ಲಿ 'ಮಗ್ಗುಲವಳು'. ಅಂದರೆ, ಬುದ್ಧಿ ಗಲಿಬಿಲಿಯಾದ ಹಿರಿಯರ ಪಕ್ಕ ಕೂತು ಕೈ ಹಿಡಿಯುವವಳು, ಅವರು ಎದ್ದರೆ ಜೊತೆಗೆ ನಡೆಯುವವಳು. ರೋಗಿಯನ್ನು ಮಂಚಕ್ಕೆ ಕಟ್ಟುವುದು ನಮ್ಮಲ್ಲಿ ನಿಂತು ಎಪ್ಪತ್ತು ವರ್ಷವಾಯಿತು. ತರಬೇತಿಯಲ್ಲಿ ನಿಮ್ಮ ಕಾಲದ ಚಿತ್ರವೊಂದನ್ನು ತೋರಿಸಿದ್ದರು. ಮಣಿಕಟ್ಟಿಗೆ ಬ್ಯಾಂಡೇಜ್ ಬಿಗಿದು ಮಲಗಿಸಿದ್ದ ಅಜ್ಜಿಯನ್ನು ನೋಡಲಾಗದೆ ನಾನು ಎದ್ದು ಹೊರಗೆ ಹೋಗಿದ್ದೆ.

ಮೊನ್ನೆ ಮಧ್ಯಾಹ್ನ ನಾನೇ ಕಟ್ಟಿದೆ.

ಫಕೀರಪ್ಪ ಹೊಂಬಳ, ತೊಂಬತ್ತೊಂದು ವರ್ಷ. ಕಪ್ಪತಗುಡ್ಡದಲ್ಲಿ ಕರೆಂಟು ತೆಗೆಯುವ ಗಾಳಿಯಂತ್ರದ ಕಂಬಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದವರು. ಜ್ವರದಲ್ಲಿ ಮಾತು ಹಳಿ ತಪ್ಪುತ್ತಿತ್ತು. ಬಲಗೈಗೆ ಹಾಕಿದ್ದ ಡ್ರಿಪ್ಪಿನ ಸೂಜಿಯನ್ನು ಮತ್ತೆ ಮತ್ತೆ ಕೀಳಲು ಹೋಗುತ್ತಿದ್ದರು. "ಉರಿ, ಉರಿ" ಅನ್ನುತ್ತಿದ್ದರು. ಜ್ವರದ ಬಡಬಡಿಕೆ ಅಂದುಕೊಂಡೆ. ಅಷ್ಟರಲ್ಲಿ ಆಚೆ ಮಂಚದ ಅಜ್ಜಿ ಕೆಳಗೆ ಬೀಳುವಂತಿದ್ದಳು. ಓಡಬೇಕಿತ್ತು. ನನ್ನ ದುಪಟ್ಟಾ ಹರಿದು ಫಕೀರಪ್ಪನವರ ಎರಡೂ ಕೈಗಳನ್ನು ಮಂಚದ ಸರಳಿಗೆ ಬಿಗಿದು ಮೇಲೆ ಹೊದಿಕೆ ಎಳೆದೆ. ಯಾರೂ ಕಲಿಸಿರದ ಗಂಟು ನನ್ನ ಬೆರಳಿಗೆ ಹೇಗೋ ಗೊತ್ತಿತ್ತು.

"ಕಂಬ ಹತ್ತೂವಾಗ ನನ್ನ ಬೆಲ್ಟ್ ನಾನ ಕಟ್ಕೊತಿದ್ದೆ. ಈಗ ಕಟ್ಟಿದವರು ಯಾರವ್ವ?" ಅಂದರು. ಆಮೇಲೆ ಸುಮ್ಮನಾದರು. ನಾನು ಅಜ್ಜಿಯನ್ನು ಮಲಗಿಸಿ ಬಂದು, ಗಂಟು ಬಿಚ್ಚದೆ, ಚಾರ್ಟಿನಲ್ಲಿ 'ಶಾಂತವಾಗಿದ್ದಾರೆ' ಎಂದು ಬರೆದೆ.

ಮುಕ್ಕಾಲು ಗಂಟೆಯ ನಂತರ ಹೊದಿಕೆ ಸರಿಸಿ ಬಿಚ್ಚಿದಾಗ ಬಲಗೈ ಮೊಣಕೈತನಕ ಊದಿಕೊಂಡು ಕಲ್ಲಿನಂತಾಗಿತ್ತು. ಸೂಜಿ ರಕ್ತನಾಳದಿಂದ ಜಾರಿ ಔಷಧಿಯೆಲ್ಲ ಚರ್ಮದಡಿ ಸೇರಿತ್ತು. ಉರಿ ಅಂದದ್ದು ನಿಜವೇ ಆಗಿತ್ತು. ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಲು ಓಡಿದೆ.

ಜ್ವರ ಇಳಿದಿದೆ. ಆದರೆ ಎರಡು ಬೆರಳು ಮಡಚಲು ಬರುವುದಿಲ್ಲ. ಅವರ ಮಗಳು ಮಲ್ಲವ್ವನ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ.

"ಹೇಳಿದಿ, ಛಲೋ ಆತು. ಆದ್ರ ಇನ್ನ ಮ್ಯಾಲೆ ನಮ್ಮಪ್ಪನ ಹತ್ರ ಬರಬ್ಯಾಡವ್ವ," ಅಂದಳು.

ನಾವು ನಿಮಗಿಂತ ಬೇರೆಯೇ ಜನ ಅಂತ ನಂಬಿದ್ದೆ. ಅಲ್ಲ. ನಿಮಗೂ ಇಂಥ ಗಡಿಬಿಡಿ ಬರುತ್ತದೆ, ನಲವತ್ತು ಮಂಚಕ್ಕೆ ಒಬ್ಬರೇ ಇರುತ್ತೀರಿ ಎಂದು ಓದಿದ್ದೇನೆ. ಆದರೂ ಕೇಳಿಕೊಳ್ಳುತ್ತೇನೆ: ಕಟ್ಟಲು ಕೈ ಮುಂದಾದಾಗ, ಎಲ್ಲಿ ನೋಯುತ್ತದೆ ಎಂದು ಒಮ್ಮೆ ಕೇಳಿ. ಉತ್ತರ ಅರ್ಥವಾಗದಿದ್ದರೆ ಹೊದಿಕೆ ಸರಿಸಿ ನೋಡಿ.